ವೃಷಣಚೀಲದ ಅಪರೂಪದ ನಿರಪಾಯಕಾರಿ ಊತಗಳು: ರೋಗನಿರ್ಣಯ ಮತ್ತು ಚಿಕಿತ್ಸೆ

ಕೈಯಲ್ಲೋ ಕುತ್ತಿಗೆಯಲ್ಲೋ ಒಂದು ಗಂಟು ಕಾಣಿಸಿಕೊಂಡರೆ ಮನುಷ್ಯ ಅದನ್ನು ಮನೆಯವರಿಗೆ ತೋರಿಸುತ್ತಾನೆ, ಬಲ್ಲವರನ್ನು ವಿಚಾರಿಸುತ್ತಾನೆ, ಕೆಲವು ದಿನಗಳಲ್ಲೇ ವೈದ್ಯರ ಬಳಿಗೆ ಹೋಗುತ್ತಾನೆ. ವೃಷಣಚೀಲದ ಊತ ಮಾತ್ರ ಈ ಸಾಮಾನ್ಯ ನಿಯಮಕ್ಕೆ ಹೊರತಾಗಿದೆ. ಅದನ್ನು ಹೆಂಡತಿಗೂ ಹೇಳದೆ, ಪಂಚೆಯ ಮಡಿಕೆಯಲ್ಲಿ ಮರೆಮಾಚಿ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸಹಿಸಿಕೊಂಡು ಬರುವವರು ಅನೇಕರು. ಸಂಕೋಚವೇ ಇದಕ್ಕೆ ಮುಖ್ಯ ಕಾರಣ. ಕ್ಯಾನ್ಸರ್ ಇರಬಹುದೆಂಬ ಭೀತಿ ಮತ್ತೊಂದು ಕಾರಣ. ಪುರುಷತ್ವಕ್ಕೆ ಕುಂದು ಬಂದಿತೆಂಬ ತಪ್ಪು ಕಲ್ಪನೆ ಇನ್ನೊಂದು.

ವಾಸ್ತವವಾಗಿ ವೃಷಣಚೀಲದಲ್ಲಿ ಕಾಣಿಸಿಕೊಳ್ಳುವ ಊತಗಳಲ್ಲಿ ಹೆಚ್ಚಿನವು ಪ್ರಾಣಾಪಾಯವಿಲ್ಲದವು. ನೀರು ತುಂಬುವ ಹೈಡ್ರೋಸೀಲ್, ರಕ್ತನಾಳಗಳು ಉಬ್ಬುವ ವೆರಿಕೋಸೀಲ್, ಕರುಳು ಇಳಿಯುವ ಅಂಡವಾಯು ಅಥವಾ ಹರ್ನಿಯಾ, ಈ ಮೂರನ್ನು ಜನ ಬಲ್ಲರು. ಇವುಗಳಲ್ಲದೆ, ಅಷ್ಟಾಗಿ ಕೇಳರಿಯದ, ಆದರೆ ನಿರಪಾಯಕಾರಿಯಾದ ಇನ್ನೂ ಹಲವು ಬಗೆಯ ಊತಗಳಿವೆ. ಅವುಗಳ ಬಗ್ಗೆ ತಿಳಿವಳಿಕೆ ಇಲ್ಲದಿದ್ದರೆ ಎರಡು ವಿಧವಾದ ಹಾನಿ ಸಂಭವಿಸುತ್ತದೆ. ಎಲ್ಲ ಊತವೂ ‘ಬರೀ ನೀರು’ ಎಂದು ಭಾವಿಸಿ ಕಾಲಹರಣ ಮಾಡಿದರೆ, ಅಪಾಯಕಾರಿಯಾದ ಗಡ್ಡೆಯೊಂದು ಬೆಳೆಯಲು ಅವಕಾಶ ಸಿಗುತ್ತದೆ. ಎಲ್ಲ ಗಟ್ಟಿ ಗಂಟೂ ಕ್ಯಾನ್ಸರ್ ಎಂದು ಭಾವಿಸಿದರೆ, ಉಳಿಸಿಕೊಳ್ಳಬಹುದಾಗಿದ್ದ ವೃಷಣವನ್ನು ಅನಗತ್ಯವಾಗಿ ಕಳೆದುಕೊಳ್ಳಬೇಕಾಗುತ್ತದೆ. ಇವೆರಡನ್ನೂ ತಪ್ಪಿಸಲು ಬೇಕಾದುದು ಸಕಾಲದ ಪರೀಕ್ಷೆ. ಆ ಪರೀಕ್ಷೆ ಹೇಗೆ ನಡೆಯುತ್ತದೆ, ಅದರಿಂದ ಏನು ತಿಳಿಯುತ್ತದೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಅಂಗರಚನೆಯ ಪರಿಚಯ

ಊತದ ಸ್ವರೂಪವನ್ನು ಅರಿಯಲು ಆ ಅಂಗದ ರಚನೆಯನ್ನು ಸ್ಥೂಲವಾಗಿ ತಿಳಿದಿರಬೇಕು. ವೃಷಣಚೀಲವು ತೆಳುವಾದ, ಸುಕ್ಕುಗಳುಳ್ಳ ಚರ್ಮದ ಚೀಲ. ಅದರೊಳಗೆ ಎರಡು ವೃಷಣಗಳಿರುತ್ತವೆ. ಇವನ್ನು ಆಡುಮಾತಿನಲ್ಲಿ ಬೀಜ ಎನ್ನುವುದುಂಟು. ಪ್ರತಿಯೊಂದು ವೃಷಣಕ್ಕೂ ಬಿಳಿಯ, ಬಿಗಿಯಾದ ಒಂದು ಹೊದಿಕೆ ಇದೆ. ಅದರ ಹೊರಗೆ ಎರಡು ಪದರಗಳ ನವಿರಾದ ಪೊರೆ ಇದೆ. ಈ ಎರಡು ಪದರಗಳ ನಡುವೆ ಹೆಚ್ಚಿನ ದ್ರವ ಸೇರಿಕೊಂಡರೆ ಅದೇ ಹೈಡ್ರೋಸೀಲ್.

ವೃಷಣದ ಹಿಂಬದಿಗೆ ಒಂದು ಸುರುಳಿನಾಳ ಅಂಟಿಕೊಂಡಿರುತ್ತದೆ. ಇದಕ್ಕೆ ಎಪಿಡಿಡಿಮಿಸ್ ಎಂದು ಹೆಸರು. ವೀರ್ಯಾಣುಗಳು ಇಲ್ಲಿ ಪಕ್ವಗೊಂಡು ಮುಂದಕ್ಕೆ ಸಾಗುತ್ತವೆ. ವೃಷಣವನ್ನು ತೊಡೆಸಂದಿಗೆ ಜೋಡಿಸುವ ಹಗ್ಗದಂತಹ ರಚನೆಯೇ ವೃಷಣರಜ್ಜು. ರಕ್ತನಾಳಗಳು, ನರಗಳು ಮತ್ತು ವೀರ್ಯನಾಳ ಇದರ ಮೂಲಕವೇ ಹಾದುಹೋಗುತ್ತವೆ. ಒಂದು ವೃಷಣ ಮತ್ತೊಂದಕ್ಕಿಂತ ತುಸು ಕೆಳಗೆ ಇಳಿದಿರುವುದು ಸಹಜ. ಹಿಂಬದಿಯಲ್ಲಿ ಕೈಗೆ ತಗಲುವ ಮೆತ್ತನೆಯ ಎಪಿಡಿಡಿಮಿಸ್ ಅನ್ನು ಗಂಟೆಂದು ಭ್ರಮಿಸಿ ಹೆದರುವವರೂ ಇದ್ದಾರೆ. ಅದೂ ಸಹಜ ರಚನೆಯೇ ಆಗಿದೆ.

ಈ ರಚನೆಯಿಂದ ಒಂದು ಮಹತ್ವದ ತತ್ತ್ವ ಹೊರಡುತ್ತದೆ. ವಯಸ್ಕರಲ್ಲಿ ವೃಷಣದ ಒಳಗೇ ಬೆಳೆಯುವ ಘನವಾದ ಗಡ್ಡೆಗಳಲ್ಲಿ ಬಹುಪಾಲು ಕ್ಯಾನ್ಸರ್ ಸ್ವರೂಪದವು. ವೃಷಣದ ಹೊರಗೆ, ಅಂದರೆ ಎಪಿಡಿಡಿಮಿಸ್, ಪೊರೆ, ರಜ್ಜು ಅಥವಾ ಚರ್ಮದಲ್ಲಿ ಹುಟ್ಟುವ ಊತಗಳಲ್ಲಿ ಬಹುಪಾಲು ನಿರಪಾಯಕಾರಿಯಾದವು. ಆದ್ದರಿಂದ ಊತ ಎಷ್ಟು ದೊಡ್ಡದು ಎಂಬುದಕ್ಕಿಂತ ಅದು ಎಲ್ಲಿದೆ ಎಂಬ ಪ್ರಶ್ನೆಯೇ ಮುಖ್ಯವಾದುದು.

ಒಂದು ನಗರದ ವೈದ್ಯಕೀಯ ಇತಿಹಾಸ

ಈ ಊತಗಳ ಪರಿಚಯ ಭಾರತೀಯರಿಗೆ ಹೊಸದಲ್ಲ. ಸುಶ್ರುತ ಸಂಹಿತೆಯಲ್ಲಿ ‘ವೃದ್ಧಿ’ ಎಂಬ ಹೆಸರಿನಲ್ಲಿ ಏಳು ಬಗೆಯ ಊತಗಳನ್ನು ವಿಂಗಡಿಸಲಾಗಿದೆ. ವಾತ, ಪಿತ್ತ, ಕಫ ಮತ್ತು ರಕ್ತದಿಂದ ಆಗುವ ನಾಲ್ಕು, ಮೇದಸ್ಸಿನಿಂದ ಆಗುವುದು ಒಂದು, ಮೂತ್ರವೃದ್ಧಿ ಎಂಬ ನೀರಿನ ಊತ ಒಂದು, ಕರುಳು ಇಳಿಯುವ ಅಂತ್ರವೃದ್ಧಿ ಒಂದು. ನೀರಿನ ಊತವನ್ನು ಶಸ್ತ್ರದಿಂದ ಚುಚ್ಚಿ ನಳಿಕೆಯ ಮೂಲಕ ಹೊರಹರಿಸುವ ವಿಧಾನವೂ ಅಲ್ಲಿ ಉಕ್ತವಾಗಿದೆ. ಎಲ್ಲ ಊತವೂ ಒಂದೇ ಅಲ್ಲ, ವಿಂಗಡಿಸಿ ನೋಡಬೇಕು ಎಂಬ ವಿವೇಕ ಆ ಕಾಲದಲ್ಲೇ ಇತ್ತೆಂಬುದು ಗಮನಾರ್ಹ.

ಆಧುನಿಕ ಕಾಲದಲ್ಲಿ ಈ ವಿಷಯದ ಅಧ್ಯಯನಕ್ಕೆ ಕೋಲ್ಕತ್ತ ನಗರ ಒಂದು ಪ್ರಮುಖ ಕ್ಷೇತ್ರವಾಯಿತು. ಅಂದಿನ ಕಲ್ಕತ್ತದ ನೇಟಿವ್ ಆಸ್ಪತ್ರೆಯಲ್ಲಿ ಜೇಮ್ಸ್ ರೆನಾಲ್ಡ್ ಮಾರ್ಟಿನ್ ಎಂಬ ಶಸ್ತ್ರವೈದ್ಯರು 1832ರಲ್ಲಿ ಹೈಡ್ರೋಸೀಲಿನ ನೀರನ್ನು ತೆಗೆದು ಅಯೋಡಿನ್ ದ್ರಾವಣವನ್ನು ಸೇರಿಸುವ ಚಿಕಿತ್ಸೆಯನ್ನು ಬಳಕೆಗೆ ತಂದರು. ಸಮೀಪದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ 1845ರಲ್ಲಿ, ಈಥರ್ ಮತ್ತು ಕ್ಲೋರೋಫಾರ್ಮ್ ಬಳಕೆಗೆ ಬರುವ ಮುನ್ನ, ರೋಗಿಯನ್ನು ಮೋಹನಿದ್ರೆಗೆ ಒಳಪಡಿಸಿ ಹೈಡ್ರೋಸೀಲಿನ ಶಸ್ತ್ರಚಿಕಿತ್ಸೆ ನಡೆಸಿದರು. ಬಳಿಕ ಅದೇ ವಿಧಾನದಿಂದ ವೃಷಣಚೀಲದ ಬೃಹತ್ ಊತಗಳನ್ನೂ ತೆಗೆದರು. ಟಿಮೊತಿ ರಿಚರ್ಡ್ಸ್ ಲೂಯಿಸ್ 1872ರಲ್ಲಿ ಕಲ್ಕತ್ತದಲ್ಲಿ ಮನುಷ್ಯನ ರಕ್ತದಲ್ಲಿ ಆನೆಕಾಲು ರೋಗದ ಮರಿಹುಳುಗಳನ್ನು ಗುರುತಿಸಿದರು. 1877ರಲ್ಲಿ ವೃಷಣಚೀಲದ ಊತವೊಂದರಿಂದ ತೆಗೆದ ರಕ್ತದ ಹೆಪ್ಪಿನಲ್ಲಿ ಬೆಳೆದ ಹುಳುವನ್ನೇ ಕಂಡು ವರದಿ ಮಾಡಿದರು. ಯಾವ ಊತವನ್ನು ಜನ ಗುಟ್ಟಾಗಿ ಇಟ್ಟುಕೊಳ್ಳುತ್ತಿದ್ದರೋ ಅದರ ಅಧ್ಯಯನದಿಂದಲೇ ಆನೆಕಾಲು ರೋಗದ ಕಾರಣ ತಿಳಿಯಲು ನೆರವಾಯಿತು.

ವೈದ್ಯರು ಕೇಳುವ ಮೂರು ಪ್ರಶ್ನೆಗಳು

ವೃಷಣಚೀಲದ ಪರೀಕ್ಷೆ ಸರಳವಾದುದು, ನೋವಿಲ್ಲದುದು, ಕೆಲವೇ ನಿಮಿಷಗಳದ್ದು. ರೋಗಿಯನ್ನು ಮೊದಲು ನಿಲ್ಲಿಸಿ, ಅನಂತರ ಮಲಗಿಸಿ ನೋಡಲಾಗುತ್ತದೆ. ವೈದ್ಯರು ತಮ್ಮ ಬೆರಳುಗಳ ಮೂಲಕ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾರೆ.

ಮೊದಲನೆಯದು: ಊತದ ಮೇಲಂಚು ಕೈಗೆ ಸಿಗುತ್ತದೆಯೇ? ಬೆರಳುಗಳು ಊತದ ಮೇಲ್ಭಾಗದಲ್ಲಿ ರಜ್ಜುವನ್ನು ಮಾತ್ರ ಹಿಡಿಯಲು ಸಾಧ್ಯವಾದರೆ ಅದು ವೃಷಣಚೀಲದಲ್ಲೇ ಹುಟ್ಟಿದ ಊತ. ಮೇಲಂಚು ಸಿಗದೆ ಊತ ತೊಡೆಸಂದಿಯೊಳಕ್ಕೆ ಮುಂದುವರಿದಿದ್ದರೆ, ಕೆಮ್ಮಿದಾಗ ಉಬ್ಬಿ ಮಲಗಿದಾಗ ತಗ್ಗಿದರೆ, ಅದು ಹರ್ನಿಯಾ ಆಗಿರುವ ಸಂಭವ ಹೆಚ್ಚು.

ಎರಡನೆಯದು: ಊತ ವೃಷಣದಿಂದ ಬೇರೆಯಾಗಿದೆಯೇ? ವೃಷಣವನ್ನು ಪ್ರತ್ಯೇಕವಾಗಿ ಗುರುತಿಸಿ, ಗಂಟು ಅದರ ಪಕ್ಕದಲ್ಲೋ ಹಿಂದೆಯೋ ಮೇಲೋ ಇದೆಯೆಂದು ಖಚಿತವಾದರೆ ಅದೊಂದು ಸಮಾಧಾನಕರ ಲಕ್ಷಣ. ಗಂಟು ವೃಷಣದ ಭಾಗವೇ ಆಗಿದ್ದರೆ ವಿಳಂಬವಿಲ್ಲದೆ ಮುಂದಿನ ಪರೀಕ್ಷೆ ಆಗಬೇಕು.

ಮೂರನೆಯದು: ಊತದ ಮೂಲಕ ಬೆಳಕು ಹಾಯುತ್ತದೆಯೇ? ಕತ್ತಲೆ ಕೋಣೆಯಲ್ಲಿ ಊತದ ಹಿಂದೆ ಟಾರ್ಚ್ ಹಿಡಿದರೆ, ತಿಳಿನೀರು ತುಂಬಿದ ಊತ ಕೆಂಬಣ್ಣದ ದೀಪದಂತೆ ಬೆಳಗುತ್ತದೆ. ಘನವಾದ ಗಡ್ಡೆ ಬೆಳಗುವುದಿಲ್ಲ. ಆದರೆ ಈ ಪರೀಕ್ಷೆಗೆ ಮಿತಿಗಳಿವೆ. ಹಳೆಯದಾಗಿ ಗೋಡೆ ದಪ್ಪಗಟ್ಟಿದ ಹೈಡ್ರೋಸೀಲ್, ರಕ್ತ ತುಂಬಿದ ಊತ, ಹಾಲಿನಂತಹ ದ್ರವ ತುಂಬಿದ ಊತ, ಇವು ಬೆಳಗುವುದಿಲ್ಲ. ಚಿಕ್ಕ ಮಕ್ಕಳಲ್ಲಿ ಕರುಳು ಇಳಿದಿದ್ದರೂ ಬೆಳಕು ಹಾಯಬಹುದು. ಇನ್ನೊಂದು ಎಚ್ಚರಿಕೆ: ವೃಷಣದ ಗಡ್ಡೆಯ ಸುತ್ತಲೂ ನೀರು ತುಂಬಿಕೊಂಡು, ಆ ನೀರೇ ಗಡ್ಡೆಯನ್ನು ಮರೆಮಾಡುವುದುಂಟು. ಆದ್ದರಿಂದ ತರುಣರಲ್ಲಿ ಹೊಸದಾಗಿ ಕಾಣಿಸಿಕೊಂಡ ಹೈಡ್ರೋಸೀಲನ್ನು ಟಾರ್ಚಿನ ಬೆಳಕಿನಿಂದಷ್ಟೇ ನಿರ್ಣಯಿಸುವುದು ಸರಿಯಲ್ಲ.

ಈ ಮಿತಿಯನ್ನು ನಿವಾರಿಸುವುದು ಅಲ್ಟ್ರಾಸೌಂಡ್ ಪರೀಕ್ಷೆ. ಕಿವಿಗೆ ಕೇಳಿಸದ ಶಬ್ದತರಂಗಗಳನ್ನು ಹಾಯಿಸಿ, ಹಿಂದಿರುಗುವ ಪ್ರತಿಧ್ವನಿಯಿಂದ ಚಿತ್ರ ಪಡೆಯುವ ವಿಧಾನ ಇದು. ಇದರಲ್ಲಿ ಕ್ಷಕಿರಣವಿಲ್ಲ, ಸೂಜಿಯಿಲ್ಲ. ಗಂಟು ವೃಷಣದ ಒಳಗಿದೆಯೋ ಹೊರಗಿದೆಯೋ, ಅದು ನೀರೋ ಘನವೋ ಎಂಬುದನ್ನು ಈ ಪರೀಕ್ಷೆ ಬಹುಮಟ್ಟಿಗೆ ಖಚಿತವಾಗಿ ತಿಳಿಸುತ್ತದೆ. ಡಾಪ್ಲರ್ ಎಂಬ ಅದರ ಇನ್ನೊಂದು ವಿಧಾನದಿಂದ ರಕ್ತಸಂಚಾರವನ್ನೂ ಕಾಣಬಹುದು. ವೃಷಣದೊಳಗೆ ಘನವಾದ ಗಂಟು ಕಂಡುಬಂದರೆ ರಕ್ತದಲ್ಲಿ ಆಲ್ಫಾ ಫೀಟೋಪ್ರೋಟೀನ್, ಬೀಟಾ ಎಚ್‌ಸಿಜಿ ಮತ್ತು ಎಲ್‌ಡಿಎಚ್ ಎಂಬ ಮೂರು ವಸ್ತುಗಳ ಪ್ರಮಾಣವನ್ನು ಅಳೆಯಲಾಗುತ್ತದೆ. ಕೆಲವು ಬಗೆಯ ಕ್ಯಾನ್ಸರುಗಳಲ್ಲಿ ಇವು ಏರುತ್ತವೆ. ಏರದಿದ್ದ ಮಾತ್ರಕ್ಕೆ ಕ್ಯಾನ್ಸರ್ ಇಲ್ಲವೆಂದು ಹೇಳಲಾಗದು.

ಅಪರೂಪದ ಊತಗಳು

ಎಪಿಡಿಡಿಮಿಸ್‌ನ ನೀರುಗುಳ್ಳೆ ಮತ್ತು ವೀರ್ಯಗುಳ್ಳೆ: ವೃಷಣದ ಮೇಲ್ಭಾಗದಲ್ಲಿ ಅಥವಾ ಹಿಂಬದಿಯಲ್ಲಿ, ಅದರಿಂದ ಬೇರೆಯಾಗಿ, ನುಣುಪಾದ ಗುಳ್ಳೆಯಾಗಿ ಇವು ಕೈಗೆ ಸಿಗುತ್ತವೆ. ಕೆಲವರಿಗೆ ಮೂರನೆಯ ವೃಷಣ ಬಂದಂತೆ ಭಾಸವಾಗುತ್ತದೆ. ಮೊದಲನೆಯದರಲ್ಲಿ ತಿಳಿನೀರು, ಎರಡನೆಯದರಲ್ಲಿ ವೀರ್ಯಾಣುಗಳಿಂದ ಕೂಡಿದ ಮಬ್ಬುನೀರು ಇರುತ್ತದೆ. ಇವು ಕ್ಯಾನ್ಸರಾಗಿ ಮಾರ್ಪಡುವುದಿಲ್ಲ. ನೋವು ಅಥವಾ ಭಾರ ಇಲ್ಲದಿದ್ದರೆ ಚಿಕಿತ್ಸೆಯೂ ಬೇಕಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ವೀರ್ಯಾಣುಗಳ ಹಾದಿಗೆ ಧಕ್ಕೆಯಾಗುವ ಸಾಧ್ಯತೆ ಇರುವುದರಿಂದ, ಮಕ್ಕಳನ್ನು ಅಪೇಕ್ಷಿಸುವವರು ಅವಸರ ಮಾಡಬಾರದು.

ರಜ್ಜುವಿನ ನೀರುಗುಳ್ಳೆ: ವೃಷಣಕ್ಕಿಂತ ಮೇಲೆ, ರಜ್ಜುವಿನ ದಾರಿಯಲ್ಲಿ ಕಾಣಿಸುವ ಗುಂಡನೆಯ ಊತ ಇದು. ವೃಷಣವನ್ನು ಮೆಲ್ಲನೆ ಕೆಳಗೆ ಎಳೆದರೆ ಗುಳ್ಳೆಯೂ ಜೊತೆಗೆ ಕೆಳಗಿಳಿಯುತ್ತದೆ. ಹರ್ನಿಯಾದಿಂದ ಇದನ್ನು ಬೇರ್ಪಡಿಸಲು ಈ ಲಕ್ಷಣ ಸಹಾಯಕ. ಮಕ್ಕಳಲ್ಲಿ ಇದು ಹೆಚ್ಚು.

ಅಡೆನೋಮಟಾಯ್ಡ್ ಗಡ್ಡೆ: ವೃಷಣದ ಹೊರಗಿನ ಅಂಗಾಂಶಗಳಲ್ಲಿ ಹುಟ್ಟುವ ಘನವಾದ ನಿರಪಾಯಕಾರಿ ಗಡ್ಡೆಗಳಲ್ಲಿ ಇದು ಪ್ರಮುಖವಾದುದು. ಇಪ್ಪತ್ತರಿಂದ ಐವತ್ತು ವರ್ಷದ ನಡುವಿನವರಲ್ಲಿ, ಸಾಮಾನ್ಯವಾಗಿ ಎಪಿಡಿಡಿಮಿಸ್‌ನ ಕೆಳತುದಿಯಲ್ಲಿ, ಕಡಲೆಕಾಳಿನಿಂದ ನೆಲ್ಲಿಕಾಯಿಯಷ್ಟು ಗಾತ್ರದ ಗಟ್ಟಿ ಗಂಟಾಗಿ ಕಾಣಿಸುತ್ತದೆ. ನೋವಿರುವುದಿಲ್ಲ, ಬೆಳವಣಿಗೆ ನಿಧಾನ. ಗಟ್ಟಿಯಾಗಿರುವುದರಿಂದಲೇ ರೋಗಿಯೂ ವೈದ್ಯರೂ ಆತಂಕಕ್ಕೆ ಒಳಗಾಗುತ್ತಾರೆ. ಗಂಟನ್ನಷ್ಟೇ ಬಿಡಿಸಿ ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರೆ ರೋಗವೂ ತಿಳಿಯುತ್ತದೆ, ಚಿಕಿತ್ಸೆಯೂ ಮುಗಿಯುತ್ತದೆ. ವೃಷಣವನ್ನು ತೆಗೆಯಬೇಕಾಗಿಲ್ಲ.

ಕೊಬ್ಬಿನ ಗಡ್ಡೆ: ರಜ್ಜುವಿನಲ್ಲಿ ಬೆಳೆಯುವ ಮೆತ್ತನೆಯ ಗಡ್ಡೆ ಇದು. ಹಲವು ಬಾರಿ ಹರ್ನಿಯಾ ಎಂದು ಶಸ್ತ್ರಚಿಕಿತ್ಸೆಗೆ ತೊಡಗಿದಾಗಲೇ ಇದು ಪತ್ತೆಯಾಗುತ್ತದೆ. ದೊಡ್ಡದಾಗಿ, ವೇಗವಾಗಿ ಬೆಳೆಯುತ್ತಿದ್ದರೆ ಕ್ಯಾನ್ಸರ್ ಸ್ವರೂಪದ ಕೊಬ್ಬಿನ ಗಡ್ಡೆಯಲ್ಲವೆಂದು ಖಾತ್ರಿಪಡಿಸಿಕೊಳ್ಳಬೇಕು.

ನಾರುಗಂಟುಗಳು ಮತ್ತು ಹೊದಿಕೆಯ ಗುಳ್ಳೆಗಳು: ಹಿಂದೆ ಆದ ಪೆಟ್ಟು, ಸೋಂಕು ಅಥವಾ ಹೈಡ್ರೋಸೀಲಿನ ಪ್ರತಿಕ್ರಿಯೆಯಾಗಿ ವೃಷಣದ ಪೊರೆಯಲ್ಲಿ ಒಂದೋ ಹಲವೋ ಗಟ್ಟಿಯಾದ ನಾರುಗಂಟುಗಳು ಬೆಳೆಯುವುದುಂಟು. ಇವು ನಿಜವಾದ ಗಡ್ಡೆಗಳಲ್ಲ. ಗಂಟುಗಳನ್ನು ಮಾತ್ರ ತೆಗೆದರೆ ಸಾಕು. ವೃಷಣದ ಬಿಳಿಯ ಹೊದಿಕೆಯಲ್ಲಿ ಸಾಸಿವೆಯಿಂದ ಅವರೆಕಾಳಿನಷ್ಟು ಗಾತ್ರದ ನೀರುಗುಳ್ಳೆಗಳೂ ಆಗುತ್ತವೆ. ಗಾತ್ರ ಕಿರಿದಾದರೂ ಕೈಗೆ ಗಟ್ಟಿಯಾಗಿ ತಗಲುವುದರಿಂದ ಗಾಬರಿ ಹುಟ್ಟಿಸುತ್ತವೆ. ಅಲ್ಟ್ರಾಸೌಂಡ್‌ನಲ್ಲಿ ಶುದ್ಧ ನೀರುಗುಳ್ಳೆಯೆಂದು ಖಚಿತವಾದರೆ ಚಿಕಿತ್ಸೆ ಅನಗತ್ಯ. ಪೊರೆಗಳ ನಡುವೆ ಸಡಿಲವಾಗಿ ಓಡಾಡುವ ಸುಣ್ಣದ ಹರಳುಗಳೂ ಕೆಲವರಲ್ಲಿ ಕಂಡುಬರುತ್ತವೆ. ಅವೂ ನಿರುಪದ್ರವಿಗಳು.

ಎಪಿಡರ್ಮಾಯ್ಡ್ ಗುಳ್ಳೆ: ವೃಷಣದ ಒಳಗಿದ್ದೂ ನಿರಪಾಯಕಾರಿಯಾದ ಕೆಲವೇ ಊತಗಳಲ್ಲಿ ಇದೊಂದು. ವೃಷಣದ ಗಡ್ಡೆಗಳಲ್ಲಿ ಇದರ ಪಾಲು ಶೇಕಡ ಒಂದರ ಸುಮಾರು. ಇದರೊಳಗೆ ಚರ್ಮದ ಹೊರಪದರದಿಂದ ಉದುರುವಂತಹ ಬಿಳಿಯ ಪುಡಿ ಪದರ ಪದರವಾಗಿ ತುಂಬಿರುತ್ತದೆ. ಆದಕಾರಣ ಅಲ್ಟ್ರಾಸೌಂಡ್ ಚಿತ್ರದಲ್ಲಿ ಅಡ್ಡಲಾಗಿ ಕೊಯ್ದ ಈರುಳ್ಳಿಯ ಸುತ್ತುಗಳಂತೆ ಕಾಣುತ್ತದೆ. ಅದರಲ್ಲಿ ರಕ್ತಸಂಚಾರವಿರುವುದಿಲ್ಲ, ರಕ್ತಪರೀಕ್ಷೆಯ ಮೂರು ಅಂಶಗಳೂ ಸಹಜ ಮಿತಿಯಲ್ಲಿರುತ್ತವೆ. ಇಂತಹ ಸಂದರ್ಭದಲ್ಲಿ ಶಸ್ತ್ರವೈದ್ಯರು ತೊಡೆಸಂದಿಯ ಮೂಲಕ ವೃಷಣವನ್ನು ಹೊರತಂದು, ಗುಳ್ಳೆಯನ್ನು ಮಾತ್ರ ತೆಗೆದು, ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಅಂಗಾಂಶದ ಪರೀಕ್ಷೆ ಮಾಡಿಸುತ್ತಾರೆ. ನಿರಪಾಯಕಾರಿ ಎಂದು ವರದಿ ಬಂದರೆ ವೃಷಣವನ್ನು ಮರಳಿ ಸ್ವಸ್ಥಾನದಲ್ಲಿ ಇರಿಸಲಾಗುತ್ತದೆ.

ಗುಲ್ಮದ ಅಂಗಾಂಶ ಮತ್ತು ಹೆಚ್ಚುವರಿ ವೃಷಣ: ಭ್ರೂಣಾವಸ್ಥೆಯಲ್ಲಿ ಗುಲ್ಮವೂ ಎಡವೃಷಣವೂ ಅಕ್ಕಪಕ್ಕದಲ್ಲೇ ರೂಪುಗೊಳ್ಳುತ್ತವೆ. ಅತ್ಯಪರೂಪವಾಗಿ ಗುಲ್ಮದ ತುಣುಕೊಂದು ವೃಷಣಕ್ಕೆ ಅಂಟಿಕೊಂಡೇ ಕೆಳಗಿಳಿದುಬಿಡುತ್ತದೆ. ಮುಂದೆ ಅದು ಎಡಬದಿಯ ಗಟ್ಟಿ ಗಂಟಾಗಿ ಕಾಣಿಸುತ್ತದೆ. ಇದರ ಕಲ್ಪನೆಯೇ ಇಲ್ಲದೆ, ಕ್ಯಾನ್ಸರ್ ಎಂದು ಶಂಕಿಸಿ ವೃಷಣವನ್ನೇ ತೆಗೆದುಹಾಕಿದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ಹಲವು ದಾಖಲಾಗಿವೆ. ಮೊದಲೇ ಸಂಶಯ ಬಂದರೆ ಗುಲ್ಮವನ್ನು ಗುರುತಿಸುವ ವಿಕಿರಣ ಸ್ಕ್ಯಾನ್‌ನಿಂದ ಸತ್ಯ ತಿಳಿಯಬಹುದು. ಹಾಗೆಯೇ ಹುಟ್ಟಿನಿಂದಲೇ ಮೂರು ವೃಷಣಗಳಿರುವವರೂ ಉಂಟು. ಆದರೆ ಜಗತ್ತಿನಾದ್ಯಂತ ವರದಿಯಾದ ಇಂತಹ ಪ್ರಕರಣಗಳು ಕೆಲವೇ ನೂರು.

ಚರ್ಮದ ಸುಣ್ಣದ ಗಂಟುಗಳು: ವೃಷಣಚೀಲದ ಚರ್ಮದಲ್ಲೇ ಬಟಾಣಿಯಂತಹ, ಬೆಳ್ಳಗಿನ, ಗಟ್ಟಿಯಾದ ಗಂಟುಗಳು ಹಲವು ವರ್ಷಗಳಲ್ಲಿ ಒಂದೊಂದಾಗಿ ಹೆಚ್ಚುತ್ತ ಹೋಗುವುದುಂಟು. ಒಡೆದರೆ ಸೀಮೆಸುಣ್ಣದಂತಹ ಪುಡಿ ಹೊರಬರುತ್ತದೆ. ರಕ್ತದಲ್ಲಿ ಸುಣ್ಣದ ಅಂಶ ಸಹಜವಾಗಿಯೇ ಇರುತ್ತದೆ. ಇದು ಗುಹ್ಯರೋಗವಲ್ಲ, ಅಂಟುರೋಗವಲ್ಲ. ಆದರೂ ಇದರ ನಿಮಿತ್ತ ವಿವಾಹವನ್ನೇ ಮುಂದೂಡುವ ತರುಣರಿದ್ದಾರೆ. ಸ್ಥಳೀಯ ಅರಿವಳಿಕೆ ನೀಡಿ ಗಂಟುಗಳನ್ನು ತೆಗೆದುಹಾಕಿದರೆ ಚರ್ಮ ಚೆನ್ನಾಗಿ ಕೂಡಿಕೊಳ್ಳುತ್ತದೆ.

ಆನೆಕಾಲು ರೋಗದ ಊತ: ಕೊಳಚೆ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆಯಿಂದ ಹರಡುವ ಈ ರೋಗ ಬಂಗಾಳದ ಹಲವು ಜಿಲ್ಲೆಗಳಿಗೂ, ಕರ್ನಾಟಕದ ಕಲಬುರಗಿ, ಬೀದರ್, ಯಾದಗಿರಿ ಮುಂತಾದ ಜಿಲ್ಲೆಗಳಿಗೂ ಕರಾವಳಿಗೂ ಪರಿಚಿತವಾದುದು. ಇದರಿಂದ ಹೈಡ್ರೋಸೀಲ್ ಆಗುವುದು ಸಾಮಾನ್ಯ. ದುಗ್ಧನಾಳಗಳು ಒಡೆದು ಹಾಲಿನಂತಹ ದ್ರವ ತುಂಬುವುದು, ಸತ್ತ ಹುಳುವಿನ ಸುತ್ತ ಗಂಟು ಕಟ್ಟುವುದು, ಇವು ಅಪರೂಪದ ರೂಪಗಳು. ಜೀವಂತ ಹುಳುಗಳು ದುಗ್ಧನಾಳಗಳಲ್ಲಿ ಒಂದೇ ಸಮನೆ ಹೊರಳಾಡುವುದನ್ನು ಅಲ್ಟ್ರಾಸೌಂಡ್‌ನಲ್ಲಿ ಕಣ್ಣಾರೆ ಕಾಣಬಹುದು. ರಾತ್ರಿ ವೇಳೆ ತೆಗೆದ ರಕ್ತದಲ್ಲಿ ಮರಿಹುಳುಗಳು ಪತ್ತೆಯಾಗುವ ಸಂಭವ ಹೆಚ್ಚು. 1955ರಲ್ಲಿ ಆರಂಭವಾದ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮ ಹಾಗೂ 2004ರಿಂದ ರೋಗಪೀಡಿತ ಜಿಲ್ಲೆಗಳಲ್ಲಿ ನಡೆಯುತ್ತಿರುವ ಸಾಮೂಹಿಕ ಔಷಧ ಸೇವನೆ ಇದನ್ನು ತಡೆಗಟ್ಟುವ ಉಪಾಯಗಳು. ಔಷಧವು ಹುಳುಗಳನ್ನು ನಿವಾರಿಸುತ್ತದೆ. ಆಗಲೇ ತುಂಬಿಕೊಂಡ ಹೈಡ್ರೋಸೀಲಿಗೆ ಶಸ್ತ್ರಚಿಕಿತ್ಸೆಯೇ ಪರಿಹಾರ.

ಕ್ಷಯದ ಗಂಟು: ಇದು ಗಡ್ಡೆಯಲ್ಲ, ಸೋಂಕು. ಎಪಿಡಿಡಿಮಿಸ್ ಗಟ್ಟಿಯಾಗಿ ಉಬ್ಬುತಗ್ಗಾಗುತ್ತದೆ. ಅಲಕ್ಷಿಸಿದರೆ ಚೀಲದ ಹಿಂಬದಿಯಲ್ಲಿ ಕೀವು ಸೋರುವ ರಂಧ್ರವಾಗುತ್ತದೆ. ಕ್ಷಯನಿವಾರಕ ಔಷಧಗಳನ್ನು ಪೂರ್ಣಾವಧಿ ಸೇವಿಸಿದರೆ ಇದು ಗುಣವಾಗುತ್ತದೆ. ಈ ಔಷಧಗಳು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತವೆ.

ಬಾಲಕರ ಹಠಾತ್ ಬಾವು: ಹತ್ತು ವರ್ಷದ ಒಳಗಿನ ಬಾಲಕರಲ್ಲಿ ಕೆಲವೊಮ್ಮೆ ಚೀಲದ ಚರ್ಮ ಇದ್ದಕ್ಕಿದ್ದಂತೆ ಕೆಂಪಗಾಗಿ ಬಾತುಕೊಳ್ಳುತ್ತದೆ. ನೋವು ಅಲ್ಪ. ಎರಡು ಮೂರು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆದರೆ ಮುಂದೆ ಹೇಳುವ ತುರ್ತು ಸ್ಥಿತಿ ಇದಲ್ಲವೆಂದು ವೈದ್ಯರೇ ನಿರ್ಧರಿಸಬೇಕು. ತಂದೆತಾಯಿಗಳು ಮನೆಯಲ್ಲಿ ಕಾದು ನೋಡಬಾರದು.

ತಡಮಾಡಬಾರದ ಸಂದರ್ಭಗಳು

ಇದ್ದಕ್ಕಿದ್ದಂತೆ ವೃಷಣದಲ್ಲಿ ತೀವ್ರವಾದ ನೋವು, ಊತ, ವಾಕರಿಕೆ ಅಥವಾ ವಾಂತಿ ಕಾಣಿಸಿಕೊಂಡರೆ ವೃಷಣವು ತನ್ನ ರಜ್ಜುವಿನ ಮೇಲೆ ತಿರುಚಿಕೊಂಡಿರಬಹುದು. ಇದರಿಂದ ರಕ್ತಸಂಚಾರ ನಿಂತುಹೋಗುತ್ತದೆ. ಸುಮಾರು ಆರು ಗಂಟೆಗಳ ಒಳಗೆ ಶಸ್ತ್ರಚಿಕಿತ್ಸೆ ನಡೆದರೆ ವೃಷಣ ಉಳಿಯುವ ಸಂಭವ ಹೆಚ್ಚು. ತಡವಾದಷ್ಟೂ ಆ ಸಂಭವ ಕ್ಷೀಣಿಸುತ್ತದೆ. ಬಾಲಕರಲ್ಲಿ ಮತ್ತು ತರುಣರಲ್ಲಿ ಇದು ಹೆಚ್ಚು. ನಾಚಿಕೆಯಿಂದ ‘ಹೊಟ್ಟೆನೋವು’ ಎಂದು ಮಾತ್ರ ಹೇಳುವ ಹುಡುಗರೂ ಇದ್ದಾರೆಂಬುದನ್ನು ಹೆತ್ತವರು ನೆನಪಿಡಬೇಕು.

ಇಳಿದ ಕರುಳು ಒಳಹೋಗದೆ, ನೋವು, ವಾಂತಿ, ಮಲಬದ್ಧತೆಗಳು ಕಂಡರೆ ಅದೂ ತುರ್ತು ಸ್ಥಿತಿಯೇ. ವೃಷಣದಲ್ಲಿ ನೋವಿಲ್ಲದ ಗಟ್ಟಿ ಗಂಟು ಕಂಡರೆ ಕೆಲವೇ ದಿನಗಳಲ್ಲಿ ವೈದ್ಯರನ್ನು ಕಾಣಬೇಕು. ನೋವಿಲ್ಲವೆಂಬುದು ಇಲ್ಲಿ ಸಮಾಧಾನದ ಸಂಗತಿಯಲ್ಲ. ವೃಷಣದ ಕ್ಯಾನ್ಸರ್ ಭಾರತದಲ್ಲಿ ವಿರಳ. ಕಾಣಿಸಿಕೊಂಡರೂ ಆರಂಭದಲ್ಲೇ ಪತ್ತೆಯಾದರೆ ಬಹುತೇಕ ಎಲ್ಲರಲ್ಲೂ ಗುಣವಾಗುವಂತಹುದು.

ಚಿಕಿತ್ಸೆಯ ತತ್ತ್ವಗಳು

ಅಪರೂಪದ ಊತಗಳ ಚಿಕಿತ್ಸೆಯನ್ನು ಮೂರು ಮಾತುಗಳಲ್ಲಿ ಸಂಗ್ರಹಿಸಬಹುದು. ನಿರಪಾಯಕಾರಿ ಎಂದು ಖಚಿತವಾಗಿ, ತೊಂದರೆ ಕೊಡದ ಊತವನ್ನು ಹಾಗೆಯೇ ಬಿಟ್ಟು ಆಗಾಗ ಪರೀಕ್ಷಿಸಿಕೊಳ್ಳುವುದು. ವೃಷಣದ ಹೊರಗಿನ, ಸಂಶಯಕ್ಕೆ ಎಡೆಯಿರುವ ಗಂಟನ್ನು ಮಾತ್ರ ತೆಗೆದು ವೃಷಣವನ್ನು ಉಳಿಸುವುದು. ವೃಷಣದ ಒಳಗಿನ ಘನವಾದ ಗಂಟನ್ನು ತೊಡೆಸಂದಿಯ ಮೂಲಕವೇ ಪರಿಶೀಲಿಸಿ, ಅಗತ್ಯವಿದ್ದಲ್ಲಿ ಮಾತ್ರ ವೃಷಣವನ್ನು ತೆಗೆಯುವುದು. ಒಂದು ವೃಷಣವನ್ನು ತೆಗೆದರೂ ಮತ್ತೊಂದು ಆರೋಗ್ಯಕರವಾಗಿದ್ದರೆ ದಾಂಪತ್ಯಕ್ಕೂ ಸಂತಾನಕ್ಕೂ ಸಾಮಾನ್ಯವಾಗಿ ಅಡ್ಡಿಯಾಗುವುದಿಲ್ಲ.

ಚೀಲಕ್ಕೆ ಸೂಜಿ ಚುಚ್ಚಿ ನೀರು ತೆಗೆಸುವ ಅಭ್ಯಾಸದ ಬಗ್ಗೆ ವಿಶೇಷ ಎಚ್ಚರಿಕೆ ಅಗತ್ಯ. ಹೈಡ್ರೋಸೀಲಿನ ನೀರನ್ನು ತೆಗೆದರೂ ಸಾಮಾನ್ಯವಾಗಿ ಮತ್ತೆ ತುಂಬಿಕೊಳ್ಳುತ್ತದೆ. ಹರ್ನಿಯಾ ಎಂದು ತಿಳಿಯದೆ ಚುಚ್ಚಿದರೆ ಕರುಳು ತೂತಾಗುತ್ತದೆ. ಕ್ಯಾನ್ಸರ್ ಗಡ್ಡೆಗೆ ಚೀಲದ ಮೂಲಕ ಸೂಜಿ ಚುಚ್ಚಿದರೆ ರೋಗಕ್ಕೆ ಹೊಸ ದಾರಿ ತೆರೆದಂತಾಗುತ್ತದೆ. ಶಸ್ತ್ರಚಿಕಿತ್ಸೆ ತಾಳಲಾರದ ವೃದ್ಧರಿಗೆ ತಜ್ಞರು ನೀರು ತೆಗೆದು ಔಷಧ ಸೇರಿಸುವ ವಿಧಾನವನ್ನು ಸೂಚಿಸಬಹುದು. ಆದರೆ ಅರ್ಹತೆಯಿಲ್ಲದವರ ಕೈಗೆ, ಗೋಡೆಬರಹಗಳ ಗುಪ್ತರೋಗ ಚಿಕಿತ್ಸಕರ ಕೈಗೆ, ಈ ಅಂಗವನ್ನು ಒಪ್ಪಿಸಬಾರದು.

ಊರಿನಿಂದ ದೂರದಲ್ಲಿರುವವರಿಗೆ

ಸ್ವಂತ ಊರಿನಲ್ಲೇ ಹೇಳಲು ಸಂಕೋಚವಾಗುವ ವಿಷಯ ಪರಭಾಷೆಯ ನಗರದಲ್ಲಿ ಇನ್ನಷ್ಟು ಕಷ್ಟವಾಗುತ್ತದೆ. ದಕ್ಷಿಣ ಕೋಲ್ಕತ್ತದ ರಾಸ್‌ಬಿಹಾರಿ ಅವೆನ್ಯೂ ರಸ್ತೆಯ ಲೇಕ್ ಮಾರ್ಕೆಟ್ ಪರಿಸರವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಉದ್ಯೋಗ ನಿಮಿತ್ತ ಬಂದ ದಕ್ಷಿಣ ಭಾರತೀಯರು ತಲೆಮಾರುಗಳಿಂದ ಇಲ್ಲಿ ನೆಲೆಸಿದ್ದಾರೆ. ಬಾಳೆಎಲೆ, ಮಲ್ಲಿಗೆ, ಕಾಫಿಪುಡಿಗಳು ಇಲ್ಲಿನ ಅಂಗಡಿಗಳಲ್ಲಿ ಸಿಗುತ್ತವೆ. ಆದರೆ ತನ್ನ ಭಾಷೆಯಲ್ಲಿ ಗುಟ್ಟಿನ ಕಾಯಿಲೆಯನ್ನು ಹೇಳಿಕೊಳ್ಳಬಹುದಾದ ವೈದ್ಯರು ಸಿಗುವುದು ಅಷ್ಟು ಸುಲಭವಲ್ಲ. ‘ರಜೆಗೆ ಊರಿಗೆ ಹೋದಾಗ ತೋರಿಸೋಣ’ ಎಂದು ಮುಂದೂಡುವುದು ಇಂತಹವರ ಸಾಮಾನ್ಯ ಪ್ರವೃತ್ತಿ. ಹಾಗೆ ಕಳೆದುಹೋಗುವ ಆರೆಂಟು ತಿಂಗಳು ಗಡ್ಡೆಯೊಂದಕ್ಕೆ ದೀರ್ಘಕಾಲವೇ ಸರಿ.

ಭಾಷೆಯ ತೊಡಕು ತೋರುವಷ್ಟು ದೊಡ್ಡದಲ್ಲ. ‘ಅಂಡಕೋಶ’ ಎಂಬ ಸಂಸ್ಕೃತ ಶಬ್ದ ಬಂಗಾಳಿಯಲ್ಲೂ ಹಿಂದಿಯಲ್ಲೂ ಇದೇ ಅರ್ಥದಲ್ಲಿ ಬಳಕೆಯಲ್ಲಿದೆ. ಬಂಗಾಳಿಯಲ್ಲಿ ಅದರ ಉಚ್ಚಾರಣೆ ‘ಒಂಡೊಕೋಶ್’ ಎಂದಾಗುತ್ತದೆ. ಊತಕ್ಕೆ ‘ಫೋಲಾ’, ನೋವಿಗೆ ‘ಬ್ಯಾಥಾ’, ಗಟ್ಟಿಯಾಗಿದೆ ಎನ್ನಲು ‘ಶೊಕ್ತೊ’ ಎಂಬ ಪದಗಳು ಸಾಕು. ನೀರು ತುಂಬಿದ ಊತವನ್ನು ಅಲ್ಲಿನ ಜನ ‘ಏಕಶಿರಾ’ ಎನ್ನುತ್ತಾರೆ. ವೈದ್ಯರು ಮೊದಲು ಕೇಳುವುದು ‘ಕೊತೊ ದಿನ್’, ಅಂದರೆ ಎಷ್ಟು ದಿನಗಳಿಂದ ಎಂದು. ಯಾವಾಗ ಕಾಣಿಸಿತು, ಬೆಳೆಯುತ್ತಿದೆಯೇ, ಪೆಟ್ಟು ಬಿದ್ದಿತ್ತೇ, ಜ್ವರವಿತ್ತೇ, ಮಲಗಿದಾಗ ತಗ್ಗುತ್ತದೆಯೇ, ಈ ಐದು ಸಂಗತಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋದರೆ ಅರ್ಧ ಕೆಲಸ ಮುಗಿದಂತೆ.

ಲೇಕ್ ಮಾರ್ಕೆಟ್ ಸಮೀಪದ ಕಾಲಿಘಾಟ್ ಮೆಟ್ರೊ ನಿಲ್ದಾಣದಿಂದ ರವೀಂದ್ರ ಸದನ ನಿಲ್ದಾಣಕ್ಕೆ ಹೋದರೆ ಎಸ್‌ಎಸ್‌ಕೆಎಂ ಆಸ್ಪತ್ರೆ ಹತ್ತಿರ. ಅದೇ ಮಾರ್ಗದಲ್ಲಿ ಉತ್ತರಕ್ಕೆ ಮುಂದುವರಿದರೆ 1835ರಲ್ಲಿ ಸ್ಥಾಪಿತವಾದ ಮೆಡಿಕಲ್ ಕಾಲೇಜು ಆಸ್ಪತ್ರೆಯೂ, ಅದರ ಸಮೀಪದಲ್ಲೇ ಆನೆಕಾಲು ರೋಗದಂತಹ ಉಷ್ಣವಲಯದ ಕಾಯಿಲೆಗಳಿಗೆ ಹೆಸರಾದ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್ ಸಂಸ್ಥೆಯೂ ಸಿಗುತ್ತವೆ. ಹೊರರೋಗಿ ವಿಭಾಗದಲ್ಲಿ ಸರ್ಜರಿ ಅಥವಾ ಯೂರಾಲಜಿ ಎಂದು ಕೇಳಿದರೆ ಸಾಕು. ಕರ್ನಾಟಕದಲ್ಲಿರುವವರು ಸಮೀಪದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ತೋರಿಸಿಕೊಳ್ಳಬಹುದು.

ನೆನಪಿಡಬೇಕಾದ ಅಂಶಗಳು

1. ಹದಿಹರೆಯ ದಾಟಿದ ಪ್ರತಿಯೊಬ್ಬರೂ ತಿಂಗಳಿಗೊಮ್ಮೆ ಬಿಸಿನೀರಿನ ಸ್ನಾನದ ನಂತರ ಎರಡೂ ವೃಷಣಗಳನ್ನು ಬೆರಳುಗಳ ನಡುವೆ ಮೆಲ್ಲಗೆ ಉರುಳಿಸಿ ನೋಡಿಕೊಳ್ಳುವುದು ಒಳ್ಳೆಯ ಅಭ್ಯಾಸ.

2. ಹೊಸದಾಗಿ ಕಂಡ ಯಾವುದೇ ಗಂಟನ್ನು ವೈದ್ಯರಿಗೆ ತೋರಿಸಬೇಕು. ಅದು ವೃಷಣದ ಒಳಗಿದೆಯೋ ಹೊರಗಿದೆಯೋ ಎಂಬುದನ್ನು ಅಲ್ಟ್ರಾಸೌಂಡ್‌ನಿಂದ ಖಚಿತಪಡಿಸಿಕೊಳ್ಳಬೇಕು.

3. ಹಠಾತ್ ತೀವ್ರ ನೋವು ಬಂದರೆ ಬೆಳಗಾಗುವವರೆಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

4. ವೃಷಣವನ್ನು ತೆಗೆಯಬೇಕೆಂದು ಸಲಹೆ ಬಂದಾಗ, ಗಂಟನ್ನು ಮಾತ್ರ ತೆಗೆಯಲು ಸಾಧ್ಯವೇ ಎಂದು ಕೇಳುವ ಹಕ್ಕು ರೋಗಿಗೆ ಇದೆ.

5. ತೆಗೆದ ಪ್ರತಿಯೊಂದು ಗಂಟನ್ನೂ ಸೂಕ್ಷ್ಮದರ್ಶಕ ಪರೀಕ್ಷೆಗೆ ಕಳುಹಿಸಿ, ಆ ವರದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.

ವೃಷಣವೂ ಕಣ್ಣು ಕಿವಿಗಳಂತೆಯೇ ಶರೀರದ ಒಂದು ಅಂಗ. ಅದರ ಊತವೂ ಉಳಿದ ಕಾಯಿಲೆಗಳಂತೆಯೇ ಒಂದು ಕಾಯಿಲೆ. ಬಹುಪಾಲು ಜನರಿಗೆ ವೈದ್ಯರು ಪರೀಕ್ಷಿಸಿ ಹೇಳುವ ಮಾತು ‘ಭಯಪಡಬೇಕಾದುದು ಏನೂ ಇಲ್ಲ’ ಎಂಬುದೇ ಆಗಿರುತ್ತದೆ. ಆದರೆ ಆ ಮಾತನ್ನು ಹೇಳಬೇಕಾದವರು ವೈದ್ಯರು. ತಮಗೆ ತಾವೇ ಅದನ್ನು ಹೇಳಿಕೊಂಡು ಸುಮ್ಮನಿರುವುದು ತರವಲ್ಲ.